ಹೆಣ್ಣುಹಿಮ ಹೊತ್ತ ರಾತ್ರಿ

ಒಲೆಗೆ ಇನ್ನೊಂದು ಕೊರಡು ಹಾಕಿ. ಬಾಗಿಲಿನ ಅಗಳಿ ಸರಿಯಾಗಿ ಬಿದ್ದಿದೆಯೋ ಒಮ್ಮೆ ನೋಡಿ ಬನ್ನಿ. ಬಿದ್ದಿದೆಯಾ? ಸರಿ, ಕೂತುಕೊಳ್ಳಿ.

ಇದು ಯಾರೋ ಕಂಡು, ಇನ್ಯಾರೋ ಕೇಳಿ, ಮತ್ಯಾರೋ ಉಪ್ಪು ಖಾರ ಹಚ್ಚಿ ನನಗೆ ಮುಟ್ಟಿಸಿದ ಸುದ್ದಿಯಲ್ಲ. ನಮ್ಮ ಚಿಕ್ಕಮ್ಮನ ಮಗ ಸಖಾವತ್‌ಗೆ ಆದದ್ದು. ಈಗ ನೀವು ಕೂತಿರುವ ಜಾಗದಲ್ಲೇ ಕೂತು ಅವನೇ ಬಾಯಿಬಿಟ್ಟ. ಉಳಿದದ್ದು ನಾನು ಕಣ್ಣಾರೆ ಕಂಡದ್ದು.

ಆ ರಾತ್ರಿ ಸಖಾವತ್ ತಡವಾಗಿ ಮನೆಗೆ ಹೊರಟಿದ್ದ. ಎಲ್ಲಿಂದ ಅಂತ ಕೇಳಿ. ಅತ್ತಿಗೆ ಕನೀಝ್ ಮನೆಯಿಂದ. ಗಂಡ ಸತ್ತು ಇನ್ನೂ ವರ್ಷ ತುಂಬದ ಹೆಂಗಸಿನ ಮನೆಯಿಂದ, ಊರ ನಾಯಿಗಳೂ ಮಲಗಿದ ಮೇಲೆ, ಮೈದುನ ಹೊರಗೆ ಬರುತ್ತಾನೆ ಅಂದರೆ… ನಾನೇನೂ ಹೇಳುವುದಿಲ್ಲಪ್ಪ. ಹೇಳುವವರು ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ, ಅಷ್ಟೆ.

ದಾರಿ ಹೋಗುವುದು ಹಳೆಯ ಒರತೆಯ ಪಕ್ಕದಲ್ಲಿ, ಅಕ್ರೋಟು ಮರದ ಕೆಳಗೆ. ಒರತೆ ಬತ್ತಿ ಎರಡು ತಿಂಗಳಾಗಿತ್ತು. ಗಾಳಿ ಇರಲಿಲ್ಲ. ಆದರೂ ಮರದ ಹತ್ತಿರ ಬಂದಾಗ ಹಿಂದಿನಿಂದ ಸದ್ದು… ಕಣ್… ಕಣ್… ಹಿಮಕ್ಕೆ ಹೋಗುವವರು ಒಯ್ಯುವ ಕಬ್ಬಿಣದ ಮೊನೆಯ ಊರುಗೋಲು ಕಲ್ಲಿನ ಮೇಲೆ ಬಿದ್ದ ಹಾಗೆ. ಅವನು ನಿಂತ. ಸದ್ದೂ ನಿಂತಿತು. ನಡೆದ. ಕಣ್… ಕಣ್…

"ಯಾರದು?" ಅಂದ, ಮೆಲ್ಲಗೆ.

ಯಾರೂ ಇಲ್ಲ. ಯಾರಾದರೂ ಕದ್ದು ನೋಡುತ್ತಿದ್ದಾರೆ ಅಂತಲೇ ಅವನ ಗುಮಾನಿ. ದೆವ್ವ ಅಂತ ಅವನಿಗೆ ಹೊಳೆಯಲೇ ಇಲ್ಲ. ತಪ್ಪು ಮಾಡಿದವನಿಗೆ ಮೊದಲು ಹೆದರಿಕೆ ಹುಟ್ಟುವುದು ಮನುಷ್ಯರ ಮೇಲೆ.

ತಪ್ಪು ಅಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ಹಿಂದಿನ ವರ್ಷ ಸುಗ್ಗಿ ಮುಗಿದ ಮೇಲೆ ಅಣ್ಣ ತಮ್ಮ ಇಬ್ಬರೂ ಮೇಲಿನ ಹಿಮಕ್ಕೆ ಹೋದರು, ತಪ್ಪಿಸಿಕೊಂಡ ಯಾಕ್ ಹುಡುಕಲು. ಅಣ್ಣನ ಹೆಸರು ಫಿದಾ. ಕನೀಝ್‌ಳ ಗಂಡ. ಆಳು ಅಂದರೆ ಆಳು, ಗಂಟಲು ಅಂದರೆ ಗಂಟಲು. ಮೇಲಿನ ಗೋಮಾಳದಿಂದ ಕೂಗಿದರೆ ಇಲ್ಲಿ ನನ್ನ ಅಡುಗೆಮನೆಯಲ್ಲಿ ಪಾತ್ರೆ ಅದುರಬೇಕು. ಬೆಳಿಗ್ಗೆ ಇಬ್ಬರು ಹೋದರು. ಕತ್ತಲಾದ ಮೇಲೆ ಒಬ್ಬ ಬಂದ. ಹಿಮದ ಬಿರುಕಿನಲ್ಲಿ ಅಣ್ಣ ಬಿದ್ದುಹೋದ, ಒಂದು ಸದ್ದೂ ಬರಲಿಲ್ಲ, ಬಿದ್ದ ಏಟಿಗೇ ಹೋಗಿರಬೇಕು ಅಂದ. ಹೆಣ ಸಿಗಲಿಲ್ಲ. ಹಿಮ ನುಂಗಿದ್ದನ್ನು ಅಷ್ಟು ಬೇಗ ಕಕ್ಕುವುದಿಲ್ಲ. ತಮ್ಮನ ಮಾತೊಂದರ ಮೇಲೆಯೇ ಮೌಲವಿಗಳು ಸಾವನ್ನು ಒಪ್ಪಿಕೊಂಡರು.

ಆವತ್ತು ಸಖಾವತ್ ಹೆಗಲಿಂದ ಹಗ್ಗದ ಸುರುಳಿ ಇಳಿಸಿಕೊಂಡವಳು ನಾನೇ. ಮೇಕೆಕೂದಲಿನ ಹಗ್ಗ, ನಲವತ್ತು ಮೊಳದ್ದು. ಗರಿಗರಿ ಒಣಗಿತ್ತು. ಇಡೀ ದಿನ ಬಿರುಕಿನಲ್ಲಿ ಅಣ್ಣನನ್ನು ಹುಡುಕಿದವನ ಹಗ್ಗ ಒದ್ದೆಯಾಗಬೇಡವೇ? ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅಕ್ಕಪಕ್ಕದ ಮೂರು ನಾಲ್ಕು ಮನೆಗೆ ಹೇಳಿರಬಹುದು.

ಇರಲಿ. ಒರತೆಯ ದಾರಿಯಲ್ಲಿ ಸದ್ದು ಕೇಳಿದ ಆ ರಾತ್ರಿ, ಅದಕ್ಕೂ ಮುಂಚೆ ಕನೀಝ್ ಮನೆಯಲ್ಲಿ ನಡೆದ ಮಾತು ಇದು.

"ಜನ ಬಾಯಿಗೆ ಬಂದ ಹಾಗೆ ಆಡ್ಕೊಳ್ತಿದಾರೆ, ಅತ್ತಿಗೆ. ನಿಕಾಹ್ ಆಗಿಬಿಟ್ರೆ ಬಾಯಿ ಮುಚ್ಚುತ್ತೆ."

"ಅವರ ಬಾಯಿ ಮುಚ್ಚುತ್ತೆ. ನನ್ನ ಕಿವಿ?"

"ನಿನ್ನ ಕಿವಿಗೇನಾಗಿದೆ?"

"ರಾತ್ರಿ ಯಾರೋ ಕೂಗಿದ ಹಾಗಾಗುತ್ತೆ. ಮೇಲಿಂದ."

ಸಖಾವತ್ ಚಹಾದ ಬಟ್ಟಲನ್ನು ಕೆಳಗಿಟ್ಟ. "ಕುರಾನ್ ತಗೊಂಡು ಬಾ. ಕೈ ಇಟ್ಟು ಹೇಳ್ತೀನಿ."

"ಕೈ ಇಡೋದು ಬೇಡ," ಅಂದಳು ಆ ಹೆಣ್ಣು. ಏನು ಹೆಣ್ಣು ಅಂತೀರಿ! "ಹಿಮ ಹೊತ್ತು ತೋರಿಸು. ಹೆಣ್ಣುಹಿಮ ತರೋಕೆ ಅಪೋ ರೋಜಿ ಹನ್ನೆರಡು ಜನರನ್ನ ಆರಿಸ್ತಿದಾರಲ್ಲ, ನೀನೂ ಹೋಗು. ಹೊಟ್ಟೇಲಿ ಸುಳ್ಳಿರೋನ ಕೈಯಿಂದ ಆ ಹಿಮ ಊರು ಮುಟ್ಟಲ್ಲ ಅಂತಾರೆ. ನಿನ್ನ ಕೈಯಿಂದ ಮುಟ್ಟಲಿ. ಮಾರನೇ ದಿನವೇ ನಿಕಾಹ್."

"ಮುಟ್ಟದೆ ಇದ್ರೆ?"

"ಮತ್ತೆ ಈ ಹೊಸ್ತಿಲು ತುಳೀಬೇಡ."

ಹೀಗೆ ಅವನ ಬಾಳು ಒಂದು ಬುಟ್ಟಿ ಹಿಮಕ್ಕೆ ಗಂಟುಬಿತ್ತು.

ನಮ್ಮ ಬಾರ್ಥಂಗ್‌ನಲ್ಲಿ ನೀರಿಗೆ ಬರ ಬಂದರೆ ಹಿಮಕ್ಕೆ ಮದುವೆ ಮಾಡುತ್ತೇವೆ. ನಿಮಗೆ ನಗು ಬರಬಹುದು, ನಗಿ. ಕಲ್ಲುಮಣ್ಣು ಮೆತ್ತಿಕೊಂಡು ಕಪ್ಪಗೆ, ಒರಟಾಗಿ ಬಿದ್ದಿರುವುದು ಗಂಡುಹಿಮ. ಅದರಿಂದ ಹನಿ ನೀರು ಬಿಡಿಸಿಕೊಳ್ಳುವುದೂ ಕಷ್ಟ. ನೀಲಿಗಣ್ಣಿನ ಹಾಗೆ ಹೊಳೆಯುತ್ತಾ ಧಾರಾಳವಾಗಿ ಹರಿಯುವುದು ಹೆಣ್ಣುಹಿಮ. ಎರಡನ್ನೂ ತಂದು, ಬಿಸಿಲು ಬೀಳದ ಗುಂಡಿಯಲ್ಲಿ ಒಟ್ಟಿಗೆ ಮಲಗಿಸಿ, ಹೊಟ್ಟು ಇದ್ದಿಲು ಮುಚ್ಚಿ ಬಂಡೆ ಹೇರಿದರೆ, ಮೂರು ನಾಲ್ಕು ಚಳಿಗಾಲದಲ್ಲಿ ಸಂಸಾರ ಬೆಳೆಯುತ್ತದೆ. ಆಮೇಲೆ ಕಾಲುವೆಗೆ ನೀರು. ಗಂಡು ನಮ್ಮಲ್ಲೇ ಇತ್ತು. ಹೆಣ್ಣನ್ನು ಘಟ್ಟದಾಚೆಯ ಊರಿಂದ ಕೇಳಿ ತರಬೇಕಿತ್ತು.

ಕಟ್ಟಳೆ ಎರಡೇ. ಹೊರಟ ಗಳಿಗೆಯಿಂದ ಗುಂಡಿ ಮುಚ್ಚಿ ಕೆಳಗಿಳಿಯುವ ತನಕ ಹೊತ್ತವರು ಮಾತಾಡಬಾರದು. ಬುಟ್ಟಿ ನೆಲ ಮುಟ್ಟಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ನಮ್ಮಲ್ಲಿ ಮಾತು ಆಡಿದರೆ ನೀರೇ ಹೋಯಿತು. ಅದಕ್ಕೇ ಒಬ್ಬೊಬ್ಬರ ನಾಲಿಗೆಯಡಿ ಒಂದೊಂದು ಜರದಾಳು ಹಣ್ಣಿನ ಬೀಜ ಇಡುತ್ತಾರೆ. ಆರು ಬುಟ್ಟಿ, ಹನ್ನೆರಡು ಜನ. ಇಬ್ಬರಿಗೊಂದು ಬುಟ್ಟಿ. ಮುಂದಿನವ ಹೊರುತ್ತಾನೆ, ಹಿಂದಿನವ ದಣಿವಾರಿಸಿಕೊಳ್ಳುತ್ತಾನೆ. ಬದಲಾಯಿಸಬೇಕಾದಾಗ ಹಿಂದಿನವ ಭುಜಕ್ಕೆ ಎರಡು ಸಲ ತಟ್ಟುತ್ತಾನೆ. ತಟ್, ತಟ್. ಮುಂದಿನವ ನಡೆಯುತ್ತಲೇ ಪಟ್ಟಿಯಿಂದ ತೋಳು ಬಿಡಿಸುತ್ತಾನೆ. ಹಿಂದಿನವ ಬುಟ್ಟಿಯ ತಳಕ್ಕೆ ಕೈಕೊಟ್ಟು ಎತ್ತಿಕೊಂಡು, ಆಮೇಲೆ ದಾಟಿ ಮುಂದಾಗುತ್ತಾನೆ. ಯಾರೂ ತಿರುಗಿ ನೋಡುವುದಿಲ್ಲ. ನೋಡುವ ಅಗತ್ಯವೇನು, ಇರುವುದು ಒಬ್ಬನೇ ಅಲ್ಲವೇ?

ಅಪೋ ರೋಜಿ, ಅಂದರೆ ನಮ್ಮೂರ ರೋಜಿ ಅಜ್ಜ, ಹಿಮದ ಮದುವೆ ಬಲ್ಲವರು ಅವರೊಬ್ಬರೇ. ಸಖಾವತ್ ಮುಂದೆ ಬಂದು ನಿಂತಾಗ ಬಹಳ ಹೊತ್ತು ಅವನ ಮುಖ ನೋಡಿದರು.

"ರಾತ್ರಿ ನಿದ್ದೆ ಬರುತ್ತೇನೋ?"

"ಬರುತ್ತೆ, ಅಪೋ."

"ನನಗೆ ಬರಲ್ಲ ನೋಡು. ನಾನು ಯಾರಿಗೂ ಏನೂ ಮಾಡಿಲ್ಲ, ಆದ್ರೂ ಬರಲ್ಲ. ನೀನು ಪುಣ್ಯವಂತ."

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಸಖಾವತ್ ಕಿವಿ ಕೆಂಪಾಯಿತು.

"ಇವನ ಜೋಡಿ ಯಾರು?" ಅಂದರು ಅಜ್ಜ.

"ನಾನು," ಅಂದ ಮುಖ್ತಾರ್.

ಎಲ್ಲರ ನಗು ಅಲ್ಲೇ ಸತ್ತಿತು. ಮುಖ್ತಾರ್ ಕನೀಝ್‌ಳ ಒಡಹುಟ್ಟಿದ ಅಣ್ಣ. ಸಖಾವತ್ ನೆರಳು ಕಂಡರೆ ಉಗುಳುವವನು. ಆವತ್ತು ಉಗುಳಲಿಲ್ಲ. ಬೀಜವನ್ನು ನಾಲಿಗೆಯಡಿ ಇಟ್ಟುಕೊಳ್ಳುವ ಮುಂಚೆ ಸಖಾವತ್ ಕಿವಿಯ ಹತ್ತಿರ ಬಾಗಿ, "ಹಿಂದೆ ನಾನಿರ್ತೀನಿ. ನಿನ್ನ ಬೆನ್ನ ಹಿಂದೆ. ದಾರಿಯುದ್ದಕ್ಕೂ," ಅಂದ. ಅಷ್ಟೇ ಮಾತು.

ಹೋಗುವಾಗ ಒಂದು ಹಗಲು. ಆಚೆಯ ಊರಿನ ಹೆಂಗಸರು ಮಗಳನ್ನು ಕಳಿಸುವ ಹಾಗೆ ಅತ್ತರಂತೆ. ಒಬ್ಬ ಮುದುಕಿ ಮಾತ್ರ ಸುಮ್ಮನಿರಲಾರದೆ, "ನಿಮ್ಮೂರ ಗಂಡು ಬರೀ ಕಲ್ಲಂತಲ್ಲ, ನಮ್ಮ ಹುಡುಗಿ ಬಾಳ್ತಾಳೇನ್ರೋ?" ಅಂದಳಂತೆ. ಹನ್ನೆರಡು ಗಂಡಸರು ಬಾಯಲ್ಲಿ ಬೀಜ ಇಟ್ಟುಕೊಂಡು ಮಿಕಮಿಕ ನೋಡಿದರು. ಏನು ತಾನೇ ಉತ್ತರ ಕೊಟ್ಟಾರು? ನಾನಲ್ಲಿ ಇರಬೇಕಿತ್ತು.

ಹೊತ್ತು ಮುಳುಗಿದ ಮೇಲೆ ಹಿಂದಕ್ಕೆ ಹೊರಟರು. ಚಳಿಯಲ್ಲೇ ಸಾಗಿಸಬೇಕು, ದೀಪ ಹಚ್ಚುವ ಹಾಗಿಲ್ಲ. ಹೆಣ್ಣುಹಿಮ ಬೆಳಕಿಗೆ ಬೆದರುತ್ತದೆ. ಬುಟ್ಟಿಯೊಳಗೆ ಇದ್ದಿಲು, ಹೊಟ್ಟು, ನಡುವೆ ಹಿಮ. ಮೈಶಾಖಕ್ಕೆ ಅದು ಸ್ವಲ್ಪ ಸ್ವಲ್ಪ ಕರಗಿ ತಳದಿಂದ ಹನಿಯುತ್ತದೆ. ತೊಟ್… ತೊಟ್… ತೊಟ್… ಆರು ಬುಟ್ಟಿಯ ಹನಿ, ಹನ್ನೆರಡು ಜೊತೆ ಕಾಲಿನ ಕರಕ್ ಕರಕ್. ಬೇರೆ ಸದ್ದಿಲ್ಲ.

ಘಟ್ಟದ ನೆತ್ತಿ ದಾಟುವ ತನಕ ಎಲ್ಲ ಸರಿಯಿತ್ತು. ಸಾಲಿನ ಕೊನೆಯಲ್ಲಿದ್ದ ಸಖಾವತ್ ಮತ್ತು ಮುಖ್ತಾರ್ ಮೂರು ಸಲ ಹೊರೆ ಬದಲಾಯಿಸಿಕೊಂಡರು. ಮುಖ್ತಾರ್ ತಟ್ಟುತ್ತಿದ್ದದ್ದು ಬಲಭುಜಕ್ಕೆ. ತಟ್ಟುವುದೇನು, ಗುದ್ದುತ್ತಿದ್ದ.

ನೆತ್ತಿ ದಾಟಿ ಇಳಿದರೆ ನಮ್ಮ ಮೇಲಿನ ಹಿಮ. ಫಿದಾ ಬಿದ್ದ ಹಿಮ. ಅಲ್ಲಿ ಮಂಜು ಕವಿಯಿತು. ಚಂದ್ರನನ್ನು ಯಾರೋ ಉಫ್ ಅಂತ ಊದಿ ಆರಿಸಿದ ಹಾಗೆ. ಮುಂದಿನವನ ಬೆನ್ನು ಕಾಣುವುದಿಲ್ಲ. ದಾರಿ ಕಲ್ಲುರಾಶಿಯ ನೆತ್ತಿಯ ಮೇಲೆ, ಒಂದು ಹೆಜ್ಜೆಯಗಲ. ಬಲಕ್ಕೆ ಬಂಡೆ. ಎಡಕ್ಕೆ ಏನೂ ಇಲ್ಲ… ಕೆಳಗೆಲ್ಲೋ ಹಿಮ ಸೀಳುವ ಸದ್ದು ಮಾತ್ರ. ಟಣ್… ಆಮೇಲೆ ಬಹಳ ಹೊತ್ತು ಗುಂಯ್ ಅನ್ನುತ್ತದೆ.

ಹೊರೆ ಸಖಾವತ್ ಬೆನ್ನ ಮೇಲಿತ್ತು. ಬದಲಾಯಿಸುವ ಹೊತ್ತು ಮೀರಿತ್ತು. ಅಷ್ಟರಲ್ಲಿ…

ತಟ್, ತಟ್.

ಎಡಭುಜಕ್ಕೆ. ಮೆಲ್ಲಗೆ.

ಸದ್ಯ ಬಂದನಲ್ಲ ಅಂದುಕೊಂಡ. ತೋಳು ಬಿಡಿಸಿದ. ಬುಟ್ಟಿ ಬೆನ್ನಿನಿಂದ ಎದ್ದಿತು. ಹಗುರಾಗಿ, ಮಗು ಎತ್ತಿಕೊಂಡ ಹಾಗೆ. ಎತ್ತಿಕೊಂಡ ಕೈ ಕಂಬಳಿಗೆ ತಾಗಿತು, ಕಂಬಳಿ ದಾಟಿ ಅಂಗಿಗೆ, ಅಂಗಿ ದಾಟಿ ಚರ್ಮಕ್ಕೆ ಚಳಿ ಇಳಿಯಿತು. ಹಿಮ ಹೊತ್ತವರ ಕೈ ಬೆಚ್ಚಗಿರುತ್ತದೆಯೇ? ಅವನು ತಲೆಕೆಡಿಸಿಕೊಳ್ಳಲಿಲ್ಲ.

ಹತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ. ಏನೋ ಕಡಿಮೆಯಾಗಿದೆ ಅನ್ನಿಸಿತು. ಏನು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮುಂದಿನ ಬುಟ್ಟಿಗಳ ಹನಿ ಕೇಳುತ್ತಿತ್ತು. ತೊಟ್… ತೊಟ್… ಹಿಂದಿನದು ಕೇಳುತ್ತಿರಲಿಲ್ಲ. ಅವನ ಬೆನ್ನ ಮೇಲಿದ್ದಾಗ ಹನಿಯುತ್ತಿದ್ದ ಬುಟ್ಟಿ, ಆ ಬೆನ್ನಿಗೆ ಹೋದ ಮೇಲೆ ಹನಿಯುವುದನ್ನೇ ನಿಲ್ಲಿಸಿತ್ತು.

ಆಗ ಕಿವಿಯ ಹಿಂದೆಯೇ ಪಿಸುಮಾತು.

"ತಮ್ಮಾ…"

ಸಖಾವತ್‌ಗೆ ಮೈಯೆಲ್ಲ ಉರಿಯಿತು. ಹೆದರಿಕೆಯಲ್ಲ, ಸಿಟ್ಟು. ಈ ಮುಖ್ತಾರ್! ಫಿದಾನ ದನಿ ಅನುಕರಿಸಿ ನನ್ನ ಬಾಯಿ ಬಿಡಿಸಬೇಕು ಅಂತಲೇ ಜೋಡಿಯಾಗಿ ಬಂದಿದ್ದಾನೆ. ನನ್ನ ನಿಕಾಹ್ ಕೆಡಿಸಲು ಇಡೀ ಊರಿನ ನೀರು ಕೆಡಿಸುತ್ತಾನೆ, ಪಾಪಿ. ಹಲ್ಲು ಕಚ್ಚಿ ನಡೆದ.

"ತಮ್ಮಾ… ಆವತ್ತು ನಾನು ಕೂಗಿದ್ದು ಕೇಳಿಸ್ತಾ?"

ಈಗ ಸಿಟ್ಟು ಸ್ವಲ್ಪ ಇಳಿಯಿತು. ಯಾಕೆ ಅಂದರೆ, ಮುಖ್ತಾರ್ ಬಾಯಲ್ಲೂ ಬೀಜ ಇತ್ತು. ಬೀಜ ಇಟ್ಟುಕೊಂಡು ಮಾತಾಡಿದರೆ ತೊದಲುತ್ತದೆ. ಈ ಮಾತು ತೊದಲುತ್ತಿರಲಿಲ್ಲ. ಇನ್ನೊಂದು, ಘಟ್ಟ ಇಳಿಯುವವನಿಗೆ ಏದುಸಿರು ಇರುತ್ತದೆ. ಈ ಮಾತಿಗೆ ಉಸಿರೇ ಇರಲಿಲ್ಲ.

ತಿರುಗಿ ನೋಡಲೇ ಅಂದುಕೊಂಡ. ಕತ್ತು ಹೊರಳಲಿಲ್ಲ.

"ಕೇಳಿಸ್ತಾ?"

ಮೂರನೆಯ ಸಲ. ಪಿಸುಮಾತೇ, ಆದರೆ ಈ ಸಲ ಬಂದದ್ದು ಹಿಂದಿನಿಂದಲೋ ಕೆಳಗಿನ ಬಿರುಕಿನಿಂದಲೋ ಅವನಿಗೆ ತಿಳಿಯಲಿಲ್ಲ. ಉತ್ತರ ಕೊಟ್ಟರೆ ಹಿಮ ಕೆಡುತ್ತದೆ, ಊರು ಒಣಗುತ್ತದೆ, ಕನೀಝ್ ಹೋಗುತ್ತಾಳೆ. ಕೊಡದಿದ್ದರೆ… ವರ್ಷದಿಂದ ಕೊಡದೆಯೇ ಇದ್ದಾನಲ್ಲ.

ಸಖಾವತ್ ತಲೆಯಾಡಿಸಿದ. ಹೌದು ಅಂತ. ಒಂದೇ ಸಲ. ಆ ಕತ್ತಲಲ್ಲಿ, ಆ ಮಂಜಿನಲ್ಲಿ, ತನ್ನ ಕೈ ತನಗೇ ಕಾಣದ ಕಡೆ.

"ಹೂಂ," ಅಂದಿತು ದನಿ.

ಆಮೇಲೆ ಅದು ಅವನನ್ನು ದಾಟಿ ಮುಂದೆ ಹೋಯಿತು. ಕಂಬಳಿಯ ಅಂಚು ಮುಂಗೈಗೆ ಸವರಿತು. ದಾಟಿದ್ದು ಎಡಗಡೆಯಿಂದ. ಹೇಳಿದೆನಲ್ಲ… ಎಡಗಡೆ ದಾರಿ ಇರಲಿಲ್ಲ.

ಮುಂದೆ ನಡೆಯುತ್ತಿದ್ದವರಿಗೆ ಈ ಮಾತೊಂದೂ ಕೇಳಿಸಲಿಲ್ಲವಂತೆ. ಹತ್ತು ಜನರನ್ನೂ ನಾನು ಬೇರೆ ಬೇರೆಯಾಗಿ ಕೇಳಿದೆ. ಕೇಳಿಸಲಿಲ್ಲ, ಕೇಳಿಸಲಿಲ್ಲ ಅಂದರು. ಹೇಳುವಾಗ ಒಬ್ಬನಾದರೂ ನನ್ನ ಮುಖ ನೋಡಲಿಲ್ಲ. ಕೇಳಿಸಲಿಲ್ಲವೋ, ಊರಿಗೆ ನೀರು ಬೇಕು ಅಂತ ಕೇಳಿಸಲಿಲ್ಲ ಅಂದರೋ, ಅಲ್ಲಾಹನೇ ಬಲ್ಲ.

ಬೆಳಗಿನ ಬಿಳುಪು ಹರಿಯುವಾಗ ಹಿಂದಿನಿಂದ ಯಾರೋ ಓಡಿ ಬಂದ ಸದ್ದು. ಕರಕ್ ಕರಕ್ ಕರಕ್. ಸಖಾವತ್ ಈಗ ತಿರುಗಿ ನೋಡಿದ. ಮುಖ್ತಾರ್. ಮೊಣಕಾಲು ಕೆತ್ತಿ ರಕ್ತ ಬಂದಿದೆ. ಬೆನ್ನು ಬರಿದು. ಮೊದಲು ನೋಡಿದ್ದು ಸಖಾವತ್ ಬೆನ್ನನ್ನು. ಅದೂ ಬರಿದು.

ಬುಟ್ಟಿ ಎಲ್ಲಿ ಅಂತ ಕೈಯಾಡಿಸಿದ ಮುಖ್ತಾರ್.

ನಿನ್ನ ಕೈಗೇ ಕೊಟ್ಟೆನಲ್ಲ ಅಂತ ಬೆರಳು ತೋರಿಸಿದ ಸಖಾವತ್.

ನನಗಾ? ಅಂತ ಎದೆ ಬಡಿದುಕೊಂಡ ಮುಖ್ತಾರ್. ಕಾಲಿನ ಕಡೆ ತೋರಿಸಿದ. ಘಟ್ಟದ ನೆತ್ತಿಯಲ್ಲೇ ಬೂಟಿನ ದಾರ ಕಿತ್ತಿತ್ತು, ಕಟ್ಟಿಕೊಂಡು ಏಳುವಷ್ಟರಲ್ಲಿ ಮಂಜು ಕವಿದಿತ್ತು, ಕೂಗುವ ಹಾಗಿರಲಿಲ್ಲ. ಕಿವಿ ಮುಟ್ಟಿಕೊಂಡ, ನಿನ್ನ ಬುಟ್ಟಿಯ ಹನಿಯ ಸದ್ದು ಹಿಡಿದೇ ಬಂದೆ, ನಡುವೆ ಅದು ನಿಂತುಹೋಯಿತು. ಆಮೇಲೆ ಕೆಳಗಿನ ಬಿರುಕಿನ ಕಡೆ ಬೆರಳು ಮಾಡಿ, ಎರಡೂ ಕೈಯಿಂದ ತಳ್ಳಿದ ಹಾಗೆ ತೋರಿಸಿದ. ಎಸೆದೆಯಾ? ಮತ್ತೆ ಎರಡು ಬೆರಳು ಎತ್ತಿದ. ಇದು ಎರಡನೆಯದು, ಅಲ್ಲವೇ?

ಕುತ್ತಿಗೆಪಟ್ಟಿ ಹಿಡಿದ. ಉಳಿದವರು ನಿಂತು ನೋಡುತ್ತಿದ್ದರು. ಹನ್ನೆರಡು ಜನ, ಒಂದು ಜಗಳ, ಒಂದು ಮಾತಿಲ್ಲ. ಐದು ಬುಟ್ಟಿಯ ತೊಟ್ ತೊಟ್ ಮಾತ್ರ. ಸಖಾವತ್ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಬೈಗುಳ ನುಂಗಿದ, ಏಟು ನುಂಗಿದ. ಇದೊಂದು ಮಾತ್ರ ಅವನ ಪರವಾಗಿ ನಾನು ಹೇಳುತ್ತೇನೆ. ಆಮೇಲೆ ಮೆಲ್ಲಗೆ ಮುಖ್ತಾರ್ ಕೈ ಬಿಡಿಸಿಕೊಂಡು ಊರಿನ ಕಡೆ ನಡೆದ. ಬರಿಗೈಯಲ್ಲಿ. ಕನೀಝ್ ಏನಂದಿದ್ದಳು ಅನ್ನುವುದು ಹೆಜ್ಜೆಹೆಜ್ಜೆಗೂ ನೆನಪಾಗುತ್ತಿತ್ತಂತೆ.

ಗುಂಡಿಯ ಹತ್ತಿರ ಅಪೋ ರೋಜಿ ಒಬ್ಬರೇ ಕಾಯುತ್ತಿದ್ದರು. ಐದು ಬುಟ್ಟಿ ಇಳಿಸಿಕೊಂಡರು. ಮುಖ್ತಾರ್ ಗುಂಡಿಯೊಳಗೆ ಬಗ್ಗಿ ನೋಡಿದ. ಕಣ್ಣುಜ್ಜಿ ಮತ್ತೆ ನೋಡಿದ. ಗಂಡುಹಿಮದ ಮಗ್ಗುಲಲ್ಲಿ ಆಗಲೇ ಒಂದು ಬುಟ್ಟಿ ಹೆಣ್ಣುಹಿಮ ಮಲಗಿತ್ತು. ನೀಲಿ. ಕಡಿದ ಅಂಚು ಇನ್ನೂ ಚೂಪು. ಒಂದು ಹನಿಯೂ ಸೋರುತ್ತಿರಲಿಲ್ಲ.

ಕೇಳುವ ಹಾಗಿಲ್ಲ. ಹೇಳುವ ಹಾಗಿಲ್ಲ. ಹೊಟ್ಟು ಸುರಿದರು, ಬಂಡೆ ಹೇರಿದರು, ಇಳಿದು ಬಂದರು.

ಕೆಳಗೆ ಒರತೆಯ ಬಯಲಿನಲ್ಲಿ ನಾವು ಹೆಂಗಸರು ಉಪ್ಪುಚಹಾ ಕಾಯಿಸಿ ಕೂತಿದ್ದೆವು. ಬಾಯಿ ತೆರೆದು ಬೀಜ ಉಗುಳುವುದು ಅಲ್ಲೇ. ಮುಖ್ತಾರ್ ಬೀಜ ಉಗಿದದ್ದೇ ತಡ, "ಅಪೋ! ಆ ಆರನೇ ಬುಟ್ಟಿ ಯಾರು ತಂದ್ರು?" ಅಂತ ಚೀರಿದ.

"ಯಾರು ಅಂದ್ರೆ? ನಿಮ್ಮಲ್ಲೇ ಒಬ್ಬ," ಅಂದರು ಅಜ್ಜ. "ಬೆಳಗಿನ ಬಾಂಗ್‌ಗೆ ಮುಂಚೆ ಬಂದ. ಕಂಬಳಿ ಮುಸುಕು ಹಾಕ್ಕೊಂಡಿದ್ದ. ಅವನು ಮಾತಾಡಲಿಲ್ಲ, ಆಡಬಾರದು. ನಾನೂ ಕೇಳಲಿಲ್ಲ, ಕೇಳಬಾರದು. ಇಳಿಸಿಕೊಂಡೆ. ಹೋದ."

"ಎಲ್ಲಿಂದ ಬಂದ?"

"ಮೇಲಿಂದ."

"ದಾರಿ ಇರೋದು ಪಕ್ಕದಲ್ಲಲ್ವಾ, ಅಪೋ? ಮೇಲೆ ಬರೀ ಹಿಮ!"

"ನಿನ್ನ ಅಜ್ಜನಿಗೆ ದಾರಿ ತೋರಿಸ್ತೀಯೇನೋ? ಮೇಲಿಂದ ಬಂದ ಅಂದೆನಲ್ಲ."

ಚಹಾ ಸುರಿಯುತ್ತಿದ್ದ ಕೈಗಳೆಲ್ಲ ನಿಂತವು. ಆಗ ಕನೀಝ್ ಎದ್ದು ಬಂದಳು. ದನಿ ಏರಿಸಲಿಲ್ಲ.

"ಅಪೋ, ಅವರು ಬುಟ್ಟೀನ ಎರಡು ಭುಜಕ್ಕೂ ಹಾಕ್ಕೊಂಡಿದ್ರಾ, ಒಂದಕ್ಕಾ?"

ಅಜ್ಜ ನೆನಪು ಮಾಡಿಕೊಂಡರು. "ಒಂದಕ್ಕೇ. ಎಡಕ್ಕೆ."

ಫಿದಾನ ಬಲಭುಜ ಜೀಪು ಮಗುಚಿದಾಗ ಮುರಿದಿತ್ತು. ಅವನು ಹೊರೆ ಹೊರುತ್ತಿದ್ದದ್ದೆಲ್ಲ ಎಡಕ್ಕೇ. ಇದು ಊರಿಗೆಲ್ಲ ಗೊತ್ತು. ಆದರೂ ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ ಅಂದರೆ ನೋಡಿ.

ಕನೀಝ್ ಸಖಾವತ್ ಕಡೆ ತಿರುಗಿದಳು. ಅವನ ಬಾಯಲ್ಲಿ ಬೀಜ ಇನ್ನೂ ಇತ್ತು.

"ಕೂಗಿದ್ರಾ ಅವರು?"

ಅವನು ಬೀಜ ಉಗಿದ. "ಕೂಗಿದ."

"ಎಷ್ಟು ಹೊತ್ತು?"

"ಹಿಮದ ಮೇಲಿಂದ ಬಿಸಿಲು ಇಳಿಯೋ ತನಕ."

"ಹಗ್ಗ ಸಾಲ್ತಿರಲಿಲ್ವಾ?"

"ಬಿಟ್ಟು ನೋಡಲಿಲ್ಲ."

"ಯಾಕೆ?"

ಸಖಾವತ್ ತಲೆಯೆತ್ತಿ ಅವಳನ್ನು ನೋಡಿದ. ಉತ್ತರ ಅಂತ ಕೊಟ್ಟದ್ದು ಅದೊಂದೇ. ಆ ನೋಟ ನೋಡಿದ ಮೇಲೆ ಅಲ್ಲಿದ್ದ ಹೆಂಗಸರಿಗೆ ಯಾರಿಗೂ ಇನ್ನೇನೂ ಕೇಳುವ ಅಗತ್ಯ ಉಳಿಯಲಿಲ್ಲ. ಅತ್ತಿಗೆ ಅಂತ ಕರೆಯುವವಳನ್ನು ಯಾರೂ ಹಾಗೆ ನೋಡುವುದಿಲ್ಲ.

ಮುಖ್ತಾರ್ ಮುನ್ನುಗ್ಗಿದ. ಕನೀಝ್ ಕೈ ಅಡ್ಡ ಹಿಡಿದಳು.

"ಹಿಮ ಊರು ಮುಟ್ಟಿತು," ಅಂದಳು. "ನಿನ್ನ ಕೈಯಿಂದ ಮುಟ್ಟಲಿಲ್ಲ."

ಅಷ್ಟೇ. ಚಹಾದ ಕೆಟಲ್ ಎತ್ತಿಕೊಂಡು ಮನೆಗೆ ಹೋದಳು. ಆ ರಾತ್ರಿಯೇ ಸಖಾವತ್ ನನ್ನ ಮನೆಗೆ ಬಂದು, ಇಲ್ಲಿ ಕೂತು, ನಾನು ನಿಮಗೆ ಹೇಳಿದ್ದನ್ನೆಲ್ಲ ಹೇಳಿದ. ಬೆಳಿಗ್ಗೆ ಸ್ಕರ್ದು ಪೇಟೆ ಕಡೆ ಹೋಗುವ ಜೀಪು ಹತ್ತಿದವನು ಮತ್ತೆ ಊರಿಗೆ ಬರಲಿಲ್ಲ. ಅಲ್ಲಿ ಮರದ ಅಡ್ಡೆಯಲ್ಲಿ ದಿಮ್ಮಿ ಇಳಿಸುತ್ತಾನಂತೆ, ಯಾರಾದರೂ ಹಿಂದಿನಿಂದ ಭುಜ ಮುಟ್ಟಿದರೆ ದಿಮ್ಮಿ ಬಿಟ್ಟು ಓಡುತ್ತಾನಂತೆ. ಹಿಮದ ಸಂಸಾರ ಮಾತ್ರ ಹತ್ತಿತು. ನಾಲ್ಕನೆಯ ಬೇಸಿಗೆಗೆ ಕಾಲುವೆಯಲ್ಲಿ ನೀರು ಬಂತು. ಈಗ ನೀವು ಕುಡಿದದ್ದು ಅದೇ.

ಇಷ್ಟಕ್ಕೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ.

ಸಖಾವತ್ ಊರು ಬಿಟ್ಟ ವರ್ಷವೇ, ಮೊದಲ ಹಿಮ ಬಿದ್ದ ಬೆಳಿಗ್ಗೆ ಸೌದೆಗೆ ಅಂತ ಹೊರಗೆ ಬಂದೆ. ಪಕ್ಕದಲ್ಲೇ ಕನೀಝ್ ಅಂಗಳ, ಅಲ್ಲಿ ಹೆಜ್ಜೆಗುರುತು. ಗಂಡಸಿನವು. ದೊಡ್ಡವು. ಮೇಲಿನ ಹಿಮದ ಕಡೆಯ ಗುಡ್ಡದಿಂದ ಇಳಿದು ನೇರ ಬಾಗಿಲಿಗೆ. ಹೊರಗೆ ಬಂದ ಗುರುತು ಒಂದೂ ಇಲ್ಲ. ಓಹೋ, ಇವಳೂ ಕಡಿಮೆಯವಳಲ್ಲ ಅಂದುಕೊಂಡೆ. ಸುಳ್ಳೇಕೆ, ಖುಷಿಯೇ ಆಯಿತು. ಯಾರಿರಬಹುದು ಅಂತ ಊರ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಲೆಕ್ಕಹಾಕಿದೆ. ಕಿಟಕಿ ಬಿಟ್ಟು ಕದಲಲಿಲ್ಲ. ಮಧ್ಯಾಹ್ನದ ನಮಾಜಿನ ತನಕ ಕಾದೆ. ಯಾರೂ ಹೊರಗೆ ಬರಲಿಲ್ಲ.

ಕೊನೆಗೆ ತಡೆಯಲಾರದೆ ಉಪ್ಪು ಕೇಳುವ ನೆಪದಲ್ಲಿ ಹೋದೆ. ಬಾಗಿಲು ತೆರೆದಳು. ಒಂದೇ ಕೋಣೆಯ ಮನೆ, ಅಡಗಲು ಮೂಲೆಯಿಲ್ಲ. ಒಬ್ಬಳೇ ಇದ್ದಳು.

"ಯಾರಾದ್ರೂ ಬಂದಿದ್ರೇನಮ್ಮಾ?" ಅಂದೆ.

"ಇಲ್ಲವಲ್ಲ, ಅಜ್ಜಿ," ಅಂದಳು. ಉಪ್ಪು ತರಲು ತಿರುಗಿದಳು.

ನಾನು ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನು ಕಟ್ಟಿಕೊಳ್ಳಬೇಕು? ಕಂಡದ್ದು ಕಂಡೆ, ಅದರ ಹಿಂದೆ ಮುಂದೆ ನನಗೆ ಗೊತ್ತಿಲ್ಲ. ಒಲೆಯ ಪಕ್ಕದ ದಾರದ ಮೇಲೆ ಒಂದು ಜೊತೆ ಉಣ್ಣೆಯ ಕಾಲುಚೀಲ ಒಣಗಲು ಹಾಕಿದ್ದಳು. ಗಂಡಸಿನವು. ನಾನು ಕೈಯಿಂದ ಮುಟ್ಟಿ ನೋಡಿದೆ. ಇನ್ನೂ ಒದ್ದೆಯಾಗಿದ್ದವು.